ತವರದ ಗಣಿಯ ಸಿಹಿ ದೋಸೆ: ಕನ್ಹಾನ್‌ನ ಅಡುಗೆಮನೆಯಿಂದ ಮಾರ್ತಬಾಕ್ ಮಾನಿಸ್‌ನ ಚರಿತ್ರೆ

ವಿಡಿಯೋ ನೋಡೋಕೆ ಪುರಸೊತ್ತಿಲ್ಲದವರಿಗೆ, ಓದೋದೇ ಇಷ್ಟ ಅನ್ನುವವರಿಗೆ ಎಂದಿನಂತೆ ಇದು ಮಾತಿನ ಬರಹ ರೂಪ. ವಿಡಿಯೋದಲ್ಲಿ ಅವಸರದಲ್ಲಿ ಬಿಟ್ಟುಹೋದ ಒಂದೆರಡು ವಿಷಯ ಇಲ್ಲಿ ಸೇರಿಸಿದ್ದೇನೆ.

ಇಂಡೋನೇಷ್ಯಾದ ಬೀದಿಬದಿಯಲ್ಲಿ ಸಂಜೆ ಆದಮೇಲೆ ತಳ್ಳುಗಾಡಿಗಳಲ್ಲಿ ಒಂದು ದಪ್ಪನೆಯ ಸಿಹಿ ದೋಸೆ ಮಾಡ್ತಾರೆ. ಹೆಸರು ಮಾರ್ತಬಾಕ್ ಮಾನಿಸ್. ಮಾನಿಸ್ ಅಂದರೆ ಸಿಹಿ. ಅಂಗೈ ಅಗಲಕ್ಕಿಂತ ದೊಡ್ಡ ಬೀಡಿನ ಕಾವಲಿ, ಬೆರಳಿನಷ್ಟು ದಪ್ಪದ ಹಿಟ್ಟು, ಮೇಲೆಲ್ಲ ಜೇನುಗೂಡಿನಂಥ ತೂತು. ಬೆಂದ ತಕ್ಷಣ ಬೆಣ್ಣೆ ಸುರಿದು, ಹುರಿದ ಶೇಂಗಾ ಪುಡಿ, ಚಾಕಲೇಟು ಕಾಳು, ಚೀಸು, ಮಂದಗೊಳಿಸಿದ ಹಾಲು ಹಾಕಿ, ಮಧ್ಯಕ್ಕೆ ಮಡಚಿ, ಚೌಕ ಚೌಕವಾಗಿ ಕತ್ತರಿಸಿ ಕೊಡ್ತಾರೆ. ಅದನ್ನು ನಾನು ಇಲ್ಲಿ, ನಾಗ್ಪುರದಿಂದ ಇಪ್ಪತ್ತು ಕಿಲೋಮೀಟರ್ ಆಚೆಯ ಕನ್ಹಾನ್‌ನಲ್ಲಿ, ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಮಾಡ್ತೀನಿ. ಹೇಗೆ ಮಾಡೋದು ಅಂತ ಕೆಳಗೆ ಬರೆದಿದ್ದೇನೆ. ಆದರೆ ಈ ಚಾನೆಲ್ಲು ಅಡುಗೆಯದ್ದಲ್ಲ, ಚರಿತ್ರೆಯದ್ದು. ಹಾಗಾಗಿ ಇವತ್ತಿನ ಪ್ರಶ್ನೆ ಬೇರೆ: ಈ ದೋಸೆ ಯಾರದ್ದು?

ಈ ಪ್ರಶ್ನೆಗೆ ನಮ್ಮ ಫೋನುಗಳಲ್ಲಿ ಓಡಾಡುವ ಸಿದ್ಧ ಉತ್ತರ ನಿಮಗೂ ಗೊತ್ತು. ‘ಎಲ್ಲ ನಮ್ಮದೇ. ಚೋಳರ ಹಡಗಿನಲ್ಲಿ ದೋಸೆ ಆ ಕಡೆ ಹೋಯಿತು, ಅವರು ಅದಕ್ಕೆ ಸಕ್ಕರೆ ಹಾಕಿದರು.’ 1025ರಲ್ಲಿ ರಾಜೇಂದ್ರ ಚೋಳ ಶ್ರೀವಿಜಯದ ಮೇಲೆ ನೌಕಾದಾಳಿ ಮಾಡಿದ್ದು ನಿಜ. ಅದರ ಜೊತೆ ದೋಸೆ ಕಾವಲಿಯೂ ಹೋಯಿತು ಅನ್ನೋದಕ್ಕೆ ಆಧಾರ ಏನು? ಸಾಫ್ಟ್‌ವೇರ್ ಕೆಲಸದಲ್ಲಿ ನಮಗೆ ಒಂದು ಅಭ್ಯಾಸ ಇದೆ: ಒಂದು ಕೋಡು ಎಲ್ಲಿಂದ ಬಂತು ಅಂತ ತಿಳಿಯಬೇಕಾದರೆ, ಯಾರು ಯಾವ ದಿನ ಯಾವ ಸಾಲು ಬದಲಿಸಿದರು ಅಂತ ಒಂದೊಂದಾಗಿ ಹಿಂದಕ್ಕೆ ಹೋಗಿ ನೋಡ್ತೀವಿ. ಹೆಸರು ಒಂದೇ ಇದೆ ಅಂದಮಾತ್ರಕ್ಕೆ ಕೋಡು ಒಂದೇ ಅಲ್ಲ. ಅಡುಗೆಗೂ ಅದೇ ಮಾಡೋಣ.

ಮೊದಲು ನಮ್ಮ ಕಡೆಯಿಂದ ನಿಜಕ್ಕೂ ಹೋಗಿರುವ ದಾರಿ. ಜಾವಾದಲ್ಲಿ ‘ಅಪೆಮ್’ ಅಂತ ಒಂದು ತಿಂಡಿ ಇದೆ. ಅಕ್ಕಿ ಹಿಟ್ಟು, ತೆಂಗಿನ ಹಾಲು, ಸಕ್ಕರೆ, ಹುಳಿ ಬರಿಸಿದ ಹಿಟ್ಟು. ಇದು ನಮ್ಮ ಅಪ್ಪ, ತಮಿಳು ಮಲಯಾಳಗಳ ಆಪ್ಪಂ ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ. ಹೆಸರೂ ಅದೇ, ಸಾಮಾನೂ ಅದೇ, ವಿಧಾನವೂ ಅದೇ. ಮೂರೂ ಹೊಂದಿದಾಗ ಒಪ್ಪಿಕೊಳ್ಳಲೇಬೇಕು. ಜಾವಾದ ಮಧ್ಯಭಾಗದಲ್ಲಿ ಕ್ಲಾತೆನ್ ಹತ್ತಿರ ಜಾತಿನೊಮ್ ಅಂತ ಊರು. ಅಲ್ಲಿ ಪ್ರತಿವರ್ಷ ಸಫರ್ ತಿಂಗಳಲ್ಲಿ ‘ಯಾಕೋವಿಯು’ ಅನ್ನುವ ಜಾತ್ರೆ ನಡೆಯುತ್ತೆ. ಕಿ ಅಗೆಂಗ್ ಗ್ರಿಬಿಗ್ ಎಂಬ ಮುಸ್ಲಿಂ ಸಂತರ ನೆನಪಿಗೆ ರಾಶಿ ರಾಶಿ ಅಪೆಮ್ ಅನ್ನು ಎತ್ತರದಿಂದ ಜನರ ಮೇಲೆ ಎಸೀತಾರೆ, ಜನ ಕೈಚಾಚಿ ಹಿಡೀತಾರೆ. ಅಲ್ಲಿಯವರನ್ನು ಕೇಳಿದರೆ ಅಪೆಮ್ ಅನ್ನೋ ಮಾತು ಅರಬ್ಬಿಯ ‘ಕ್ಷಮೆ’ ಅನ್ನುವ ಪದದಿಂದ ಬಂತು ಅಂತಾರೆ. ಭಾಷಾಶಾಸ್ತ್ರ ಒಪ್ಪಲಿಕ್ಕಿಲ್ಲ. ಆದರೆ ನಾಲ್ಕಾರು ಶತಮಾನದಿಂದ ತಿಂದು, ಹಂಚಿ, ಹಿರಿಯರಿಗೆ ಎಡೆ ಇಟ್ಟ ಜನಕ್ಕೆ ಅದಕ್ಕೊಂದು ಅರ್ಥ ಕಟ್ಟಿಕೊಳ್ಳುವ ಹಕ್ಕು ಇದೆ ಅಲ್ವಾ?

ಇದನ್ನು ಓದುವಾಗ ಕಾಸರಗೋಡಿನವರಿಗೆ ಮಧೂರು ನೆನಪಾಗಿರುತ್ತೆ. ಮಧೂರು ಅನಂತೇಶ್ವರ ವಿನಾಯಕ ದೇವಸ್ಥಾನದ ಪ್ರಸಾದ ಅಂದರೆ ಅಪ್ಪ. ಅಪರೂಪಕ್ಕೊಮ್ಮೆ, ದಶಕಗಳ ಅಂತರದಲ್ಲಿ, ಅಲ್ಲಿ ಮೂಡಪ್ಪ ಸೇವೆ ನಡೆಯುತ್ತೆ. ದೊಡ್ಡ ಗಣಪತಿಯನ್ನು ಅಪ್ಪಗಳಿಂದಲೇ ಮುಚ್ಚುತ್ತಾರೆ. ಕಡಲಿನ ಈಚೆ ಗಣಪತಿಗೆ ಅಪ್ಪ, ಆಚೆ ಮುಸ್ಲಿಂ ಸಂತರಿಗೆ ಅಪೆಮ್. ನನಗೆ ಈ ಜೋಡಿ ಬಹಳ ಇಷ್ಟ.

ಈ ದಾರಿ ಯಾರದ್ದು? ರಾಜರ ಸೈನ್ಯಕ್ಕಿಂತ ವ್ಯಾಪಾರಿಗಳದ್ದು ಅಂತ ನನ್ನ ಅಭಿಪ್ರಾಯ. ಇಲ್ಲೇ ಕನ್ನಡದ ಎಳೆ ಬರೋದು. ಸುಮಾತ್ರಾದ ಪಶ್ಚಿಮ ಕರಾವಳಿಯಲ್ಲಿ ಬಾರುಸ್ ಅಂತ ಹಳೇ ಬಂದರು. ಕರ್ಪೂರಕ್ಕೆ ಪ್ರಸಿದ್ಧ, ಇಂಡೋನೇಷ್ಯಾದಲ್ಲಿ ಇವತ್ತಿಗೂ ಕರ್ಪೂರದ ಗುಳಿಗೆಗೆ ‘ಕಾಪುರ್ ಬಾರುಸ್’ ಅಂತಲೇ ಹೆಸರು. ಅಲ್ಲಿ ಲೋಬು ತುವಾ ಎಂಬ ಕಡೆ ಸಿಕ್ಕ ಒಂದು ಶಾಸನ ಶಕ 1010, ಅಂದರೆ ಕ್ರಿ.ಶ. 1088ರದ್ದು. ಅದನ್ನು ಹಾಕಿಸಿದವರು ‘ಐನೂರ್ವರು’. ಹೌದು, ನಮ್ಮ ಐಹೊಳೆಯನ್ನು ಮೂಲನೆಲೆ ಅಂತ ಹೇಳಿಕೊಳ್ಳುತ್ತಿದ್ದ ಅಯ್ಯಾವೊಳೆ ಐನೂರ್ವರ ವರ್ತಕ ಸಂಘವೇ. ಬಾಗಲಕೋಟೆ ಜಿಲ್ಲೆಯ ಮಲಪ್ರಭಾ ದಂಡೆಯ ಊರಿನ ಹೆಸರು ಹೊತ್ತ ಸಂಘ ಸುಮಾತ್ರಾದಲ್ಲಿ ಕಲ್ಲು ನೆಟ್ಟಿತ್ತು. ಆದರೆ ಎದೆ ಉಬ್ಬಿಸುವ ಮೊದಲು ಒಂದು ಮಾತು: ಶಾಸನದ ಭಾಷೆ ತಮಿಳು. ಸಂಘದ ಹೆಸರು ಕನ್ನಡ ನಾಡಿನದ್ದು, ಅಲ್ಲಿ ವ್ಯವಹಾರ ಮಾಡುತ್ತಿದ್ದವರು ತಮಿಳು ಬರೆಯುವವರು. ಹಾಗಾಗಿ ‘ಕನ್ನಡಿಗರು ಸುಮಾತ್ರಾಕ್ಕೆ ಅಪ್ಪ ಒಯ್ದರು’ ಅಂತ ನಾನು ಶೀರ್ಷಿಕೆ ಹಾಕಲ್ಲ. ಹಾಕಿದರೆ ಇನ್ನೊಂದಿಷ್ಟು ಜನ ನೋಡ್ತಿದ್ದರು, ಅದು ಬೇರೆ.

ಎದುರು ದಿಕ್ಕಿನ ಕಥೆಯೂ ಒಂದಿದೆ. ಆಹಾರ ಚರಿತ್ರೆಕಾರ ಕೆ.ಟಿ. ಅಚ್ಚಯ್ಯ ಅವರು ಇಡ್ಲಿ ಇಂಡೋನೇಷ್ಯಾದಿಂದ ಬಂದಿರಬಹುದು ಅಂದಿದ್ದರು. ಸುಮಾರು 920ರ ವಡ್ಡಾರಾಧನೆಯಲ್ಲಿ ‘ಇಡ್ಡಲಿಗೆ’ ಬರುತ್ತೆ. ಆದರೆ ಹಳೆಯ ಗ್ರಂಥಗಳ ಇಡ್ಲಿಯಲ್ಲಿ ಅಕ್ಕಿ ಇಲ್ಲ, ರಾತ್ರಿಯಿಡೀ ಹುಳಿ ಬರಿಸೋದಿಲ್ಲ, ಹಬೆಯಲ್ಲಿ ಬೇಯಿಸೋದಿಲ್ಲ. ಈ ಮೂರನ್ನೂ ಅಲ್ಲಿನ ಹಿಂದೂ ರಾಜರ ಅಡುಗೆಯವರು ತಂದಿರಬೇಕು ಅಂತ ಅವರ ಊಹೆ. ಇದನ್ನು ಓದಿ ಸಿಟ್ಟಾದ ಕನ್ನಡಿಗರನ್ನು ನಾನು ನೋಡಿದ್ದೇನೆ. ಸಿಟ್ಟು ಬೇಡ, ಅದಕ್ಕೂ ಅದೇ ಪ್ರಶ್ನೆ ಕೇಳಿದರೆ ಸಾಕು: ದಾಖಲೆ ಎಲ್ಲಿದೆ? ಗಟ್ಟಿ ದಾಖಲೆ ಇಲ್ಲ. ನಮ್ಮ ಪರವಾಗಿರುವ ಊಹೆಗೆ ಒಂದು ಅಳತೆ, ವಿರುದ್ಧ ಇರೋದಕ್ಕೆ ಇನ್ನೊಂದು ಅಳತೆ ಇಟ್ಟುಕೊಳ್ಳೋಕಾಗಲ್ಲ.

ಈಗ ಅಸಲು ವಿಷಯ. ಮಾರ್ತಬಾಕ್ ಮಾನಿಸ್ ಅಪೆಮ್ ಅಲ್ಲ. ಸಾಮಾನು ನೋಡಿದರೇ ಗೊತ್ತಾಗುತ್ತೆ. ಅಕ್ಕಿ ಇಲ್ಲ, ಮೈದಾ. ತೆಂಗಿನ ಹಾಲಿಲ್ಲ. ತೂತು ಬರೋದು ಹುಳಿಯಿಂದ ಅಲ್ಲ, ಅಡುಗೆ ಸೋಡಾದಿಂದ. ಸೋಡಾ ಕಾರ್ಖಾನೆಯಲ್ಲಿ ಅಗ್ಗವಾಗಿ ತಯಾರಾಗೋಕೆ ಶುರುವಾಗಿದ್ದು 19ನೇ ಶತಮಾನದಲ್ಲಿ. ಅರ್ನೆಸ್ಟ್ ಸಾಲ್ವೆಯ ವಿಧಾನ 1860ರ ದಶಕದ್ದು. ಗೋಧಿ ಇಂಡೋನೇಷ್ಯಾದಲ್ಲಿ ಬೆಳೆಯಲ್ಲ, ಎಲ್ಲ ಹೊರಗಿನಿಂದ ಬರಬೇಕು. ನಮ್ಮ ಅಜ್ಜಂದಿರು ನೆನೆಸಿಕೊಳ್ಳುವ ಪಿ.ಎಲ್. 480ರ ಅಮೆರಿಕದ ಗೋಧಿ ಅಲ್ಲಿಗೂ ಹೋಗಿದೆ. 1970ರ ದಶಕದ ಆರಂಭದಲ್ಲಿ ಜಕಾರ್ತಾದಲ್ಲಿ ಬೊಗಸಾರಿಯ ದೊಡ್ಡ ಹಿಟ್ಟಿನ ಗಿರಣಿ ಶುರುವಾದಮೇಲೆ ಮೈದಾ ಬೀದಿ ಬೀದಿಗೆ ತಲುಪಿತು. ಶೇಂಗಾ ದಕ್ಷಿಣ ಅಮೆರಿಕದ್ದು. ಚಾಕಲೇಟು ಕಾಳು, ಚೀಸು, ಡಬ್ಬಿ ಬೆಣ್ಣೆ ಡಚ್ಚರ ಕಾಲದ ಉಳಿಕೆ. ಸಾವಿರ ವರ್ಷದ ಕಥೆ ಇಲ್ಲಿಗೆ ಬಿತ್ತು.

ಹಾಗಾದರೆ ಮಾಡಿದವರು ಯಾರು? ಉತ್ತರ ಸುಮಾತ್ರಾದ ಪೂರ್ವಕ್ಕಿರುವ ಬಾಂಗ್ಕಾ ದ್ವೀಪದಲ್ಲಿದೆ. ಅಲ್ಲಿ ಈ ತಿಂಡಿಯ ಹೆಸರು ‘ಹೊಕ್ ಲೊ ಪಾನ್’. ಮಾಡುತ್ತಿದ್ದವರು ಹಕ್ಕಾ ಚೀನೀಯರು. ಅವರು ಅಲ್ಲಿಗೆ ಬಂದದ್ದು ತವರಕ್ಕಾಗಿ.

18ನೇ ಶತಮಾನದ ಆರಂಭದಲ್ಲಿ ಬಾಂಗ್ಕಾದಲ್ಲಿ ತವರದ ಅದಿರು ಸಿಕ್ಕಿತು. ದ್ವೀಪ ಪಾಲೆಂಬಾಂಗ್ ಸುಲ್ತಾನರ ಕೈಯಲ್ಲಿತ್ತು. ಗಣಿ ಕೆಲಸ ಗೊತ್ತಿದ್ದ ಚೀನೀ ಆಳುಗಳನ್ನು ದಕ್ಷಿಣ ಚೀನಾದಿಂದ ಕರೆಸಿಕೊಂಡರು. 1812ರಲ್ಲಿ ಬ್ರಿಟಿಷರು ದ್ವೀಪ ಹಿಡಿದರು, ಆಮೇಲೆ ಡಚ್ಚರಿಗೆ ಹೋಯಿತು. ಯಜಮಾನರು ಬದಲಾದರೂ ಗುಂಡಿಯಲ್ಲಿ ಇಳಿಯುವವರು ಬದಲಾಗಲಿಲ್ಲ. ಗಣಿಗಾರರು ‘ಕೊಂಗ್ಸಿ’ ಅನ್ನುವ ಪಾಲುದಾರಿಕೆಯ ಗುಂಪು ಕಟ್ಟಿಕೊಂಡು ಒಟ್ಟಿಗೆ ಕೆಲಸ, ಒಟ್ಟಿಗೆ ಅಡುಗೆ. ಹಡಗಿನ ಖರ್ಚು, ಅಕ್ಕಿಯ ಖರ್ಚು, ಅಫೀಮಿನ ಖರ್ಚು ಎಲ್ಲ ಸಾಲದ ಲೆಕ್ಕಕ್ಕೆ. ವರ್ಷದ ಕೊನೆಗೆ ತವರ ತೂಗಿದಾಗ ಕೈಗೆ ಬರೋದು ಎಷ್ಟು ಅಂತ ನೀವೇ ಊಹಿಸಿ. ಮೇರಿ ಸೋಮರ್ಸ್ ಹೈಡ್‌ಹ್ಯೂಸ್ ಎಂಬ ಚರಿತ್ರೆಕಾರ್ತಿ 1992ರಲ್ಲಿ ಬಾಂಗ್ಕಾದ ತವರ, ಅಲ್ಲಿನ ಚೀನೀ ವಸತಿ ಕುರಿತು ಒಂದು ಪುಸ್ತಕ ತಂದಿದ್ದಾರೆ. ಆಸಕ್ತರು ಹುಡುಕಿ ಓದಿ. ಪಕ್ಕದ ಬೆಲಿತುಂಗ್ ದ್ವೀಪದಲ್ಲಿ 1860ರಲ್ಲಿ ಡಚ್ಚರು ಬಿಲ್ಲಿಟನ್ ಕಂಪನಿ ಕಟ್ಟಿದರು. ಷೇರು ಪೇಟೆ ನೋಡುವವರಿಗೆ ಆ ಹೆಸರು ಗೊತ್ತಿರುತ್ತೆ: 2001ರಲ್ಲಿ ಬಿ.ಎಚ್.ಪಿ. ಜೊತೆ ಸೇರಿ ಪ್ರಪಂಚದ ಅತಿ ದೊಡ್ಡ ಗಣಿ ಕಂಪನಿಗಳಲ್ಲಿ ಒಂದಾದದ್ದು ಅದೇ ಬಿಲ್ಲಿಟನ್. ಕಂಪನಿಯ ಹೆಸರು ಜಗತ್ತಿಗೆ ಗೊತ್ತಾಯಿತು. ಗುಂಡಿಯಲ್ಲಿದ್ದವರ ತಿಂಡಿಯ ಹೆಸರು ಆ ದ್ವೀಪದಲ್ಲೇ ಉಳಿಯಿತು.

ಹೊಕ್ ಲೊ ಪಾನ್ ಅನ್ನುವ ಹೆಸರಿನಲ್ಲೇ ಇನ್ನೊಂದು ಸ್ವಾರಸ್ಯ ಇದೆ. ಹೊಕ್ಲೊ ಅಂದರೆ ಫುಜಿಯಾನ್ ಕಡೆಯ ಇನ್ನೊಂದು ಚೀನೀ ಜನ. ಪಾನ್ ಅಂದರೆ ಹಿಟ್ಟಿನ ತಿಂಡಿ. ಅಂದರೆ ಹಕ್ಕಾ ಜನ ತಾವು ಮಾಡಿದ ತಿಂಡಿಗೆ ‘ಹೊಕ್ಲೊಗಳ ದೋಸೆ’ ಅಂತ ಹೆಸರಿಟ್ಟರು. ಕಲಿತದ್ದು ಯಾರಿಂದ ಅಂತ ಹೆಸರಿನಲ್ಲೇ ಬರೆದಿಟ್ಟಿದ್ದಾರೆ. ನಮ್ಮ ಕೋಡಿನಲ್ಲೂ ಇಷ್ಟು ಶಿಸ್ತಾಗಿ ಮೂಲ ನಮೂದಿಸುವವರು ಕಡಿಮೆ! ಫುಜಿಯಾನ್‌ನಲ್ಲಿ ಹೇಳುವ ಕಥೆ ಹೀಗಿದೆ: 1855ರಲ್ಲಿ ತೈಪಿಂಗ್ ದಂಗೆಯ ಹೊತ್ತಿಗೆ ಸೇನಾಪತಿ ಜುವೊ ಜೊಂಗ್‌ತಾಂಗ್, ಜನರ ಮೇಲೆ ಹೊರೆ ಹಾಕದೆ ಸೈನಿಕರ ಹೊಟ್ಟೆ ತುಂಬಿಸಲಿಕ್ಕೆ, ಸಕ್ಕರೆ ಶೇಂಗಾ ಹಾಕಿದ ದಪ್ಪ ದೋಸೆ ಮಾಡಿಸಿದ. ಕಥೆ ಚೆನ್ನಾಗಿದೆ, ಇಸವಿ ಹೊಂದಲ್ಲ. 1855ರಲ್ಲಿ ಆತ ಇನ್ನೂ ಹುನಾನ್‌ನಲ್ಲಿ ಆಡಳಿತದ ಸಲಹೆಗಾರ. ಫುಜಿಯಾನ್‌ನಲ್ಲಿ ಯುದ್ಧ ಮಾಡಿದ್ದು 1864ರ ನಂತರ. ದೊಡ್ಡವರ ಹೆಸರಿಗೆ ತಿಂಡಿ ಅಂಟಿಸುವ ಚಟ ನಮಗೆ ಮಾತ್ರ ಅಲ್ಲ ಅಂತ ಸಮಾಧಾನ.

ಬಾಂಗ್ಕಾದವರು ಜಾವಾದ ನಗರಗಳಿಗೆ ಬಂದು ಗಾಡಿ ಹಾಕಿದರು. ಅಲ್ಲಿ ಆಗಲೇ ಮಾರ್ತಬಾಕ್ ಅನ್ನುವ ಖಾರದ ತಿಂಡಿ ಇತ್ತು: ತೆಳು ಹಿಟ್ಟಿನೊಳಗೆ ಮೊಟ್ಟೆ, ಮಾಂಸ, ಈರುಳ್ಳಿ ಹಾಕಿ ಮಡಚಿ ಕರಿಯೋದು. ಆ ಹೆಸರು ಅರಬ್ಬಿಯ ‘ಮುತಬ್ಬಕ್’, ಅಂದರೆ ಮಡಚಿದ್ದು. ಅದನ್ನು ಆ ಕಡೆ ಹರಡಿದವರು ಭಾರತದ ಮುಸ್ಲಿಂ ವ್ಯಾಪಾರಿಗಳು. ತೆಗಾಲ್ ಹತ್ತಿರದ ಲೆಬಾಕ್ಸಿಯು ಊರಿನವರು ಇವತ್ತಿಗೂ ತಮಗೆ ಅದನ್ನು ಕಲಿಸಿದ್ದು ಒಬ್ಬ ಭಾರತೀಯ ಅಂತ ಹೇಳಿಕೊಳ್ತಾರೆ. ಇದೂ ಮಡಚುವ ತಿಂಡಿ, ಅದೂ ಮಡಚುವ ತಿಂಡಿ, ಎರಡೂ ರಾತ್ರಿ ಗಾಡಿಯವು. ಖಾರದ್ದು ಮೊಟ್ಟೆ ಮಾರ್ತಬಾಕ್ ಆಯಿತು, ಸಿಹಿಯದ್ದು ಸಿಹಿ ಮಾರ್ತಬಾಕ್. ನೋಡಿ, ನಮ್ಮ ಪಾಲು ಎಲ್ಲಿದೆ ಅಂತ: ದೋಸೆಯಲ್ಲಿ ಅಲ್ಲ, ಹೆಸರಿನಲ್ಲಿ!

ಸುರಬಾಯಾ ಕಡೆ ಇದನ್ನೇ ‘ತೆರಾಂಗ್ ಬುಲಾನ್’ ಅಂತಾರೆ, ಬೆಳದಿಂಗಳು ಅಂತ ಅರ್ಥ. ದುಂಡಗೆ, ಹಳದಿಗೆ, ಮೇಲೆ ಗುಳಿ ಗುಳಿ. ಹೆಸರಿಟ್ಟವರ ಕಣ್ಣು ಮೆಚ್ಚಬೇಕು. ಅದೇ ಹೆಸರಿನ ಒಂದು ಪ್ರೇಮಗೀತೆಯ ಧಾಟಿ 1957ರಲ್ಲಿ ಮಲಯದ ರಾಷ್ಟ್ರಗೀತೆಯ ಧಾಟಿಯಾಯಿತು, ಈಗಿನ ಮಲೇಷ್ಯಾದ್ದೂ ಅದೇ. ಮಲೇಷ್ಯಾದಲ್ಲಿ ಈ ತಿಂಡಿಗೆ ‘ಅಪಮ್ ಬಾಲಿಕ್’, ಅಂದರೆ ಮಗುಚಿದ ಅಪ್ಪ. ಹೀಗೆ ಚೀನೀ ದೋಸೆಗೆ ಜಾವಾದಲ್ಲಿ ಅರಬ್ಬಿ ಹೆಸರು, ಮಲೇಷ್ಯಾದಲ್ಲಿ ನಮ್ಮ ದಕ್ಷಿಣದ ಹೆಸರು. ಹೆಸರು ನೋಡಿ ಮೂಲ ಹೇಳುವವರು ಇಲ್ಲೇ ಎಡವೋದು.

ಮತ್ತೆ ಹಕ್ಕಾ ಹೆಸರು ಎಲ್ಲಿ ಹೋಯಿತು? ಗಾಡಿ ಹಾಕಿದವರು ಎಲ್ಲರಿಗೂ ಅರ್ಥವಾಗುವ ಹೆಸರು ಆರಿಸಿಕೊಂಡಿರಬಹುದು, ವ್ಯಾಪಾರ ಅಂದರೆ ಅದೇ. ಆದರೆ ಇನ್ನೊಂದು ಸಂಗತಿಯನ್ನು ಬಿಡೋ ಹಾಗಿಲ್ಲ. 1965ರ ನಂತರ ಸುಹಾರ್ತೋ ಆಡಳಿತದಲ್ಲಿ ಚೀನೀ ಮೂಲದವರ ಮೇಲೆ ಕಟ್ಟುಪಾಡು ಬಂದವು. 1967ರ ಅಧ್ಯಕ್ಷೀಯ ಸೂಚನೆಯೊಂದು ಚೀನೀ ಆಚರಣೆಗಳನ್ನು ಸಾರ್ವಜನಿಕವಾಗಿ ಮಾಡಬಾರದು ಅಂತು. ಚೀನೀ ಶಾಲೆಗಳು ಮುಚ್ಚಿದವು, ಲಿಪಿ ಬೋರ್ಡುಗಳಿಂದ ಇಳಿಯಿತು, ಜನ ತಮ್ಮ ಸ್ವಂತ ಹೆಸರುಗಳನ್ನೇ ಬದಲಿಸಿಕೊಂಡರು. ಅದನ್ನು ರದ್ದು ಮಾಡಿದ್ದು 2000ದಲ್ಲಿ, ಅಧ್ಯಕ್ಷ ಅಬ್ದುರ್ರಹಮಾನ್ ವಾಹಿದ್. ಮೂವತ್ತಮೂರು ವರ್ಷ. ಈ ಕಾನೂನಿನಿಂದಲೇ ತಿಂಡಿಯ ಹೆಸರು ಬದಲಾಯಿತು ಅಂತ ನಾನು ಹೇಳ್ತಿಲ್ಲ. ತನ್ನ ಅಪ್ಪನ ಹೆಸರನ್ನೇ ಬರೆದುಕೊಳ್ಳಲು ಹೆದರಬೇಕಾದ ಕಾಲದಲ್ಲಿ ಗಾಡಿಯ ಮೇಲೆ ‘ಹೊಕ್ ಲೊ ಪಾನ್’ ಅಂತ ದೊಡ್ಡದಾಗಿ ಬರೆಸೋದು ಯಾರಿಗೆ ಬೇಕಿತ್ತು ಅಂತ ಕೇಳ್ತಿದ್ದೀನಿ, ಅಷ್ಟೇ. ‘ಎಲ್ಲ ನಮ್ಮದೇ’ ಅನ್ನುವ ಫಾರ್ವರ್ಡು ನನಗೆ ಬರೀ ತಮಾಷೆ ಅನ್ನಿಸದಿರೋದು ಇದಕ್ಕೇ. ಒಮ್ಮೆ ಹೆಸರು ಕಳಕೊಂಡವರ ತಿಂಡಿಯನ್ನು ನಾವು ಎರಡನೇ ಸಲ ಅವರಿಂದ ಕಿತ್ತುಕೊಳ್ತೀವಿ.

ಕನ್ಹಾನ್‌ನಲ್ಲಿ ಕೂತು ಇದನ್ನು ಹೇಳೋಕೆ ಕಾರಣ ಇದೆ. ಇದೂ ಗಣಿಯ ಊರು. ನದಿಯ ಈ ದಂಡೆ ಕನ್ಹಾನ್, ಆ ದಂಡೆ ಕಾಮಠಿ. ಸುತ್ತ ಕಾಮಠಿ, ಗೊಂಡೆಗಾಂವ್, ಇಂದರ್ ಕಲ್ಲಿದ್ದಲು ಗಣಿಗಳು. ರಾಮ್‌ಟೆಕ್ ಕಡೆ ಹೋದರೆ ಮನಸರ್, ಕಾಂದ್ರಿಯ ಮ್ಯಾಂಗನೀಸ್ ಗಣಿ. ಕೆಲಸಕ್ಕೆ ಬಂದವರು ಛತ್ತೀಸ್‌ಗಢದವರು, ಉತ್ತರಪ್ರದೇಶದವರು, ಬಿಹಾರದವರು, ತೆಲುಗರು. ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ದೋಸೆ: ಮರಾಠಿಯವರ ಧಿರಡೆ, ಛತ್ತೀಸ್‌ಗಢದವರ ಅಕ್ಕಿ ಹಿಟ್ಟಿನ ಚೀಲಾ, ಬೆಲ್ಲ ಹಾಕಿದರೆ ಸಿಹಿ ಚೀಲಾ. ನನ್ನನ್ನು ಇಲ್ಲಿ ಎಲ್ಲರೂ ‘ಮದ್ರಾಸಿ’ ಅಂತಾರೆ. ಅದಕ್ಕೂ ಒಂದು ಚರಿತ್ರೆ ಇದೆ: 1821ರಲ್ಲಿ ಕಾಮಠಿ ದಂಡು ಪ್ರದೇಶ ಆದಾಗಿನಿಂದ ಅಲ್ಲಿ ಇದ್ದದ್ದು ಬಹುಕಾಲ ಮದ್ರಾಸ್ ಸೈನ್ಯ. ದಕ್ಷಿಣದವರೆಂದರೆ ಮದ್ರಾಸಿ. ಕನ್ನಡ ಅಂತ ಒಂದು ಭಾಷೆ ಇದೆ ಅಂತ ಮೂರು ವರ್ಷದಿಂದ ಹೇಳ್ತಾ ಇದ್ದೀನಿ, ನಗುತ್ತಾ ಕೇಳಿ ಮತ್ತೆ ‘ಮದ್ರಾಸಿ ಭೈಯ್ಯಾ’ ಅಂತಾರೆ. ಸಿಟ್ಟೇನಿಲ್ಲ. ಆದರೆ ಹೆಸರು ತಪ್ಪಿದಾಗ ಹೇಗಿರುತ್ತೆ ಅಂತ ಸ್ವಲ್ಪ ಗೊತ್ತಾಗುತ್ತೆ.

ಸರಿ, ಈಗ ಮಾಡುವ ವಿಧಾನ. ಬೇಕಾದ್ದು ದಪ್ಪ ತಳದ ಬೀಡಿನ ಕಾವಲಿ, ಅಂಚು ಇರುವಂಥದ್ದು, ಸುಮಾರು 20 ಸೆಂಟಿಮೀಟರ್. ಇಲ್ಲಿನ ಅಂಗಡಿಯಲ್ಲಿ ಮರಾಠಿಯಲ್ಲಿ ‘ಬಿಡಾಚಾ ತವಾ’ ಅಂತ ಕೇಳಿದರೆ ಸಾಕು; ಬೀಡು ಅನ್ನುವ ಪದ ಅವರಿಗೂ ನಮಗೂ ಒಂದೇ. ತೆಳು ನಾನ್‌ಸ್ಟಿಕ್ ಬೇಡ, ತಳ ಸೀದು ಮೇಲೆ ಹಸಿ ಉಳಿಯುತ್ತೆ.

200 ಗ್ರಾಂ ಮೈದಾ, ಮೂರು ದೊಡ್ಡ ಚಮಚ ಸಕ್ಕರೆ, ಚಿಟಿಕೆ ಉಪ್ಪು, ಒಂದು ಮೊಟ್ಟೆ, ಸುಮಾರು 240 ಮಿಲಿಲೀಟರ್ ನೀರು. ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ, ಗಂಟಿಲ್ಲದ ಹಾಗೆ ಐದು ನಿಮಿಷ ಚೆನ್ನಾಗಿ ಕಲಸಿ. ಹದ ಸೆಟ್ ದೋಸೆ ಹಿಟ್ಟಿನಷ್ಟು. ಮುಚ್ಚಿ ಒಂದು ಗಂಟೆ ಇಡಿ. ಮೊಟ್ಟೆ ತಿನ್ನದವರು ಅದರ ಬದಲು ಸ್ವಲ್ಪ ಹಾಲು, ಕಾಲು ಚಮಚ ಯೀಸ್ಟ್ ಹಾಕಬಹುದು. ಮೊಸರು ಹಾಕಬೇಡಿ, ಕಾರಣ ಮುಂದಿದೆ.

ಅರ್ಧ ಚಮಚ ಅಡುಗೆ ಸೋಡಾವನ್ನು ಒಂದು ಚಮಚ ನೀರಿನಲ್ಲಿ ಕರಗಿಸಿ, ಕಾವಲಿ ಕಾದಮೇಲೆ, ಹೊಯ್ಯುವ ಕ್ಷಣಕ್ಕೆ ಹಿಟ್ಟಿಗೆ ಬೆರೆಸಿ. ಸೋಡಾಕ್ಕೆ ಹುಳಿ ಸಿಕ್ಕರೆ ಅಲ್ಲೇ ಬಟ್ಟಲಲ್ಲೇ ಗಾಳಿ ಬಿಟ್ಟು ಮುಗಿಯುತ್ತೆ. ಹುಳಿ ಇಲ್ಲದಿದ್ದರೆ ಅದು ಬಿಸಿಗೆ ಕಾಯುತ್ತೆ. ತಳ ಕಾದಂತೆ ಇಂಗಾಲದ ಡೈಆಕ್ಸೈಡ್ ಕೆಳಗಿನಿಂದ ಎದ್ದು, ಹಿಟ್ಟು ಗಟ್ಟಿಯಾಗುವ ಹೊತ್ತಿಗೇ ನೇರ ಮೇಲಕ್ಕೆ ಕೊಳವೆ ಕೊರೆಯುತ್ತೆ. ಆ ಕೊಳವೆಗಳೇ ಜೇನುಗೂಡು. ಇಂಡೋನೇಷ್ಯಾದವರು ಅದಕ್ಕೆ ‘ಬೆರ್ಸಾರಾಂಗ್’ ಅಂತಾರೆ, ಗೂಡು ಕಟ್ಟಿದೆ ಅಂತ. ಉಳಿದ ಕ್ಷಾರದಿಂದ ತಳ ಬೇಗ ಕೆಂಪಾಗಿ ಆ ವಿಶೇಷ ಪರಿಮಳ ಬರುತ್ತೆ.

ಕಾವಲಿಗೆ ಎಣ್ಣೆ ಒರೆಸಿ, ಮಧ್ಯಮಕ್ಕಿಂತ ಕಡಿಮೆ ಉರಿ. ಅರ್ಧ ಹಿಟ್ಟು ಹೊಯ್ದು, ಕಾವಲಿಯನ್ನು ಎತ್ತಿ ಒಮ್ಮೆ ತಿರುಗಿಸಿ. ಅಂಚಿಗೆ ತೆಳುವಾಗಿ ಹತ್ತಿದ್ದು ಗರಿಗರಿ ಅಂಚಾಗುತ್ತೆ. ಮುಚ್ಚಬೇಡಿ. ಮೇಲೆಲ್ಲ ಗುಳ್ಳೆ ಒಡೆದು ತೂತು ಬಿದ್ದಮೇಲೆ ಒಂದು ಚಮಚ ಸಕ್ಕರೆ ಉದುರಿಸಿ, ಆಗ ಮುಚ್ಚಿ. ಎರಡು ಮೂರು ನಿಮಿಷ. ಮೇಲ್ಭಾಗ ಒಣಗಿದರೆ ಆಯಿತು, ಮಗುಚುವ ಕೆಲಸ ಇಲ್ಲ.

ಇದನ್ನು ವಿಡಿಯೋ ಕಾಲ್‌ನಲ್ಲಿ ಕಾರ್ಕಳದಲ್ಲಿರುವ ಅಮ್ಮನಿಗೆ ತೋರಿಸಿದಾಗ ಅವರು ಅಂದದ್ದು: “ಇದು ಕೊಂಕಣಿಯವರ ಮನೆಯ ಸುರ್ನಳಿಯ ಹಾಗೇ ಉಂಟಲ್ಲ ಮಗಾ!” ನಿಜ, ಕಣ್ಣಿಗೆ ಹಾಗೇ ಕಾಣುತ್ತೆ: ಹಳದಿ, ತೂತು, ಒಂದೇ ಬದಿ ಬೇಯಿಸೋದು. ಆದರೆ ಸುರ್ನಳಿಗೆ ಅಕ್ಕಿ, ಅವಲಕ್ಕಿ, ಮಜ್ಜಿಗೆ, ಬೆಲ್ಲ, ಅರಿಶಿನ. ರಾತ್ರಿಯಿಡೀ ಹುಳಿ ಬರಬೇಕು. ಅಮ್ಮನಿಗೆ ಇಡೀ ಬಾಂಗ್ಕಾದ ಕಥೆ ಹೇಳಿದೆ. ಕೇಳಿಸಿಕೊಂಡು, “ಅಷ್ಟು ಸೋಡಾ ಹಾಕಿದರೆ ಹೊಟ್ಟೆಗೆ ಆಗುವುದಿಲ್ಲ” ಅಂದರು.

ಒಲೆಯಿಂದ ಇಳಿಸಿ, ಬಿಸಿ ಇರುವಾಗಲೇ ಬೆಣ್ಣೆ ಸವರಿ. ತೂತುಗಳು ಇರೋದೇ ಬೆಣ್ಣೆ ಕುಡಿಯೋಕೆ, ಕೈ ಹಿಡಿಯಬೇಡಿ. ಹುರಿದು ತರಿತರಿ ಕುಟ್ಟಿದ ಶೇಂಗಾ, ಸ್ವಲ್ಪ ಎಳ್ಳು, ಮೇಲೆ ಮಂದಗೊಳಿಸಿದ ಹಾಲು. ಶೇಂಗಾ, ಎಳ್ಳು, ಸಕ್ಕರೆ ಹಳೆಯ ಬಾಂಗ್ಕಾ ರೀತಿ. ಚಾಕಲೇಟು, ಚೀಸು ಆಮೇಲಿನದ್ದು. ಎರಡನ್ನೂ ಮಾಡಿ ನೋಡಿದವನಾಗಿ ಹೇಳ್ತೀನಿ, ಚೀಸು ಅಗತ್ಯ ಇಲ್ಲ. ಮಡಚಿ, ಹೊರಗಡೆಗೂ ಬೆಣ್ಣೆ ಸವರಿ, ಕತ್ತರಿಸಿ. ಅರ್ಧ ಗಂಟೆಯೊಳಗೆ ತಿನ್ನಬೇಕು, ಆಮೇಲೆ ಅಂಚು ಮೆತ್ತಗಾಗುತ್ತೆ.

ಈ ಅಳತೆಗೆ ಎರಡು ಆಗುತ್ತೆ. ಎರಡನೆಯದಕ್ಕೆ ಸೋಡಾ ಬೇರೆಯಾಗಿ ಹಾಕಬೇಕು ಅಂದರೆ ಮೊದಲೇ ಹಿಟ್ಟನ್ನು ಎರಡು ಪಾತ್ರೆಗೆ ಹಂಚಿಕೊಂಡು, ಒಂದೊಂದಕ್ಕೆ ಕಾಲು ಚಮಚದಂತೆ ಹಾಕಿ. ಮುಂದಿನ ವಿಡಿಯೋದಲ್ಲಿ ಸಿಗೋಣ: ಐನೂರ್ವರ ಶಾಸನಗಳಲ್ಲಿ ಬರುವ ಸರಕುಗಳ ಪಟ್ಟಿ.